ಶಾಲೆ ಹತ್ತಿರದ ಮನೆ

ಕಳೆದ ತಿಂಗಳು ನನ್ನ ಮೊಮ್ಮಗಳು ಸಫಿಯಾ ಪುತ್ತೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಗಂಡನ ಜತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅವನು ಕೊಲ್ಲಿಯ ಒಂದು ಊರಿನಲ್ಲಿದ್ದಾನೆ. ಬರುವ ಜೂನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವವನು. ಎರಡು ಮನೆ ನೋಡಿಟ್ಟಿದ್ದಾನಂತೆ. ಒಂದರ ಪಕ್ಕದಲ್ಲೇ ಶಾಲೆ. ಇನ್ನೊಂದಕ್ಕೆ ಶಾಲೆ ದೂರ, ಆದರೆ ಸುತ್ತಲಿನ ಜನ ಒಳ್ಳೆಯವರು, ಮಕ್ಕಳು ಹೆದರಿಕೆಯಿಲ್ಲದೆ ಹೊರಗೆ ಆಡಬಹುದು. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅವಳು ನನ್ನ ಕಡೆ ತಿರುಗಿದಳು.

"ನೀವೇ ಹೇಳಿ. ಶಾಲೆ ಹತ್ತಿರ ಇರುದು ಮುಖ್ಯವಾ, ಏರಿಯಾ ಒಳ್ಳೇದಿರುದು ಮುಖ್ಯವಾ?"

ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ಈಗ ಕಿವಿ ಮಂದ ಎಂದು ಅವಳು ಗಂಡನಿಗೆ ಹೇಳಿದ್ದು ಕೇಳಿಸಿತು. ನನ್ನ ಕಿವಿಗೆ ಏನೂ ಆಗಿಲ್ಲ. ಈ ಪ್ರಶ್ನೆಗೆ ನಾನು ಒಮ್ಮೆ ಉತ್ತರ ಕೊಟ್ಟಿದ್ದೇನೆ, ಹದಿಮೂರು ವರ್ಷದವಳಿದ್ದಾಗ. ಆ ವರ್ಷದ ವಿಷಯ ನನ್ನ ಮಕ್ಕಳಿಗೂ ಹೇಳಿಲ್ಲ. ಗೊತ್ತಿದ್ದವರೆಲ್ಲ ಮಣ್ಣಿಗೆ ಹೋಗಿಯಾಯಿತು. ಇನ್ನು ಬರೆದಿಟ್ಟರೆ ಯಾರಿಗೂ ನೋವಾಗಲಿಕ್ಕಿಲ್ಲ.

ಅರವತ್ತರ ದಶಕದ ನಡುವಿನ ಒಂದು ವರ್ಷ ಅದು. ನಾವಿದ್ದದ್ದು ಪುತ್ತೂರಿನ ಹತ್ತಿರದ ಸವಣೂರಿನಲ್ಲಿ, ರಸ್ತೆ ಬದಿಯ ಹಂಚಿನ ಮನೆಯಲ್ಲಿ. ಮನೆಯ ಮುಂದಿನ ಭಾಗ ನನ್ನ ತಾಯಿ, ಅಂದರೆ ಉಮ್ಮನ ಅಣ್ಣ ಅದ್ದು ಮಾಮನ ಅಂಗಡಿ. ಒಣಮೀನು, ಬೆಲ್ಲ, ಸೀಮೆಎಣ್ಣೆ, ಬೀಡಿ. ಹಿಂದಿನ ಎರಡು ಕೋಣೆಗಳಲ್ಲಿ ಉಮ್ಮ, ನಾನು, ಏಳು ವರ್ಷದ ತಮ್ಮ ಹಮೀದ್. ಮಾಮನ ಹೆಂಡತಿ ಮಕ್ಕಳು ಸ್ವಲ್ಪ ಆಚೆ ಬೇರೆ ಮನೆಯಲ್ಲಿದ್ದರೂ ಮಾಮ ಹಗಲಿಡೀ ಅಂಗಡಿಯಲ್ಲೇ ಇರುತ್ತಿದ್ದರು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ನಾವು ಜೋರಾಗಿ ಆಡಿದ ಯಾವ ಮಾತೂ ಅವರ ಕಿವಿಗೆ ಬೀಳದೆ ಇರುತ್ತಿರಲಿಲ್ಲ.

ನನ್ನ ತಂದೆಯನ್ನು ನಾವು ಬಾಪ ಎಂದು ಕರೆಯುತ್ತಿದ್ದೆವು. ಅವರು ಏಡನ್‌ನಲ್ಲಿದ್ದರು. ಅರಬ್ಬೀ ಸಮುದ್ರದ ಆಚೆ ದಡದ ಬಂದರು ಅದು. ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ. ಹಡಗುಗಳಿಗೆ ಅಕ್ಕಿ, ಈರುಳ್ಳಿ, ಮಾಂಸ ಒದಗಿಸುವ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಬಾಪ ಗುಮಾಸ್ತ. ಹಮೀದ್ ಹುಟ್ಟಿದ ವರ್ಷ ಹೋದವರು ನಡುವೆ ಒಮ್ಮೆ ಮಾತ್ರ ಬಂದಿದ್ದರು. ಆಗ ಹಮೀದ್‌ಗೆ ಮೂರು ವರ್ಷ. ಅವನಿಗೆ ಬಾಪನ ಮುಖಕ್ಕಿಂತ ಬಾಪ ತಂದ ಖರ್ಜೂರದ ಡಬ್ಬಿ ಹೆಚ್ಚು ನೆನಪಿತ್ತು.

ಬಾಪ ಊರಿನಲ್ಲಿ ಎಂಟನೆಯವರೆಗೆ ಓದಿದವರು. ಕಾಗದ ಬರೆಯುತ್ತಿದ್ದದ್ದು ಕನ್ನಡದಲ್ಲಿ, ನೀಲಿ ಬಣ್ಣದ ಏರ್ ಲೆಟರಿನಲ್ಲಿ, ಅಂಚಿನ ತನಕ ಒತ್ತೊತ್ತಾಗಿ. ಉಮ್ಮನಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮಾಮನಿಗೆ ಲೆಕ್ಕದ ಅಂಕೆ ಬಿಟ್ಟರೆ ಬೇರೆ ಓದು ಇಲ್ಲ. ಹಾಗಾಗಿ ಎರಡನೇ ಕ್ಲಾಸಿನಿಂದಲೇ ಕಾಗದ ಓದುವುದು ನನ್ನ ಕೆಲಸವಾಗಿತ್ತು. ಕನ್ನಡದಲ್ಲಿದ್ದದ್ದನ್ನು ಮನಸ್ಸಿನಲ್ಲೇ ನಮ್ಮ ಬ್ಯಾರಿ ಮಾತಿಗೆ ತಿರುಗಿಸಿ ಹೇಳಬೇಕು. ಉಮ್ಮ ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು. ಗಂಡ ಹೆಂಡತಿಯ ನಡುವೆ ಇದ್ದ ದಾರಿ ನಾನೊಬ್ಬಳೇ.

ಆ ವರ್ಷದ ಜೂನಿನಲ್ಲಿ ಬಂದ ಕಾಗದ ಮನೆಯನ್ನೇ ಬದಲಾಯಿಸಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಧಣಿ ಒಪ್ಪಿದ್ದಾರೆ, ಮಳೆಗಾಲ ಮುಗಿದ ಮೇಲೆ ಹೊರಡಲು ತಯಾರಾಗಿ ಎಂದು ಬಾಪ ಬರೆದಿದ್ದರು. ಊರು ಹೇಗಿದೆ ಎಂದೂ ಬರೆದಿದ್ದರು. ಇಲ್ಲಿ ಮರ ಇಲ್ಲ, ಹುಲ್ಲೂ ಇಲ್ಲ. ಗುಡ್ಡಗಳು ಸುಟ್ಟ ಇಟ್ಟಿಗೆಯ ಬಣ್ಣ, ಅದರ ಆಚೆ ಬರೀ ಮರಳು. ಮಳೆಯ ನಾಲ್ಕು ಹನಿ ಬಿದ್ದರೆ ಜನ ಅಂಗಡಿ ಬಿಟ್ಟು ಹೊರಗೆ ಬಂದು ನಿಲ್ಲುತ್ತಾರೆ.

"ಮರ ಇಲ್ಲದಿದ್ರೆ ಅಡಿಗೆಗೆ ಸೌದೆ ಎಲ್ಲಿಂದ?" ಉಮ್ಮ ಕೇಳಿದರು.

"ಸೀಮೆಎಣ್ಣೆ ಸ್ಟವ್ ಉಂಟಂತೆ."

"ನೀರು?"

"ನಳ್ಳಿಯಲ್ಲಿ ಬರ್ತದಂತೆ, ಮನೆಯೊಳಗೇ."

ಉಮ್ಮ ಮುಖ ಅರಳಿಸಿ ಹಮೀದ್‌ನ ತಲೆ ಸವರಿದರು. ಅವರಿಗೆ ಗಂಡ ಸಿಗುತ್ತಾರೆ, ಮನೆಯೊಳಗೆ ನೀರು ಸಿಗುತ್ತದೆ. ನಾನು ಮಾತ್ರ ಕಾಗದದ ಕೊನೆಯ ಸಾಲನ್ನು ಎರಡು ಸಲ ಓದಿದೆ. 'ಇಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳೂ ಹೈಸ್ಕೂಲು ಓದುತ್ತಾರೆ. ಮರಿಯಮಳನ್ನು ಓದಿಸಬಹುದು.'

ಆ ಸಾಲಿಗೆ ಎಷ್ಟು ತೂಕವಿತ್ತು ಎಂದು ಈಗಿನವರಿಗೆ ಹೇಳುವುದು ಕಷ್ಟ. ನಾನು ಏಳನೇ ಕ್ಲಾಸಿನಲ್ಲಿದ್ದೆ. ನಾಲ್ಕನೆಯಲ್ಲಿ ನಮ್ಮ ಜಾತಿಯ ಹುಡುಗಿಯರು ಆರು ಮಂದಿ ಇದ್ದೆವು. ಒಬ್ಬೊಬ್ಬರೇ ಬಿಟ್ಟರು. ಬಿಟ್ಟವರು ಮೊದಲು ಮನೆಯೊಳಗೆ, ಒಂದೆರಡು ವರ್ಷದಲ್ಲಿ ಗಂಡನ ಮನೆಯೊಳಗೆ. ನನ್ನನ್ನು ಮಾಮ ಏಳರ ತನಕ ಬಿಟ್ಟದ್ದೇ ಕಾಗದ ಓದಲಿಕ್ಕೆ ಜನ ಬೇಕೆಂದು. ಹೈಸ್ಕೂಲಿಗೆ ಪುತ್ತೂರಿಗೆ ಬಸ್ಸಿನಲ್ಲಿ ಹೋಗಬೇಕು. ಆ ಮಾತು ನಮ್ಮ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ನಮ್ಮ ಲೀಲಾವತಿ ಟೀಚರ್ ಒಮ್ಮೆ ಅಂಗಡಿಗೆ ಬಂದು ಮಾಮನ ಹತ್ತಿರ ಕೇಳಿದ್ದರು. ಮಾಮ ಮರ್ಯಾದೆಯಿಂದಲೇ ಹೇಳಿದರು, "ನಿಮ್ಮ ಮಾತು ಸರಿ ಟೀಚರ್. ಆದ್ರೆ ನಮ್ಮಲ್ಲಿ ಅದು ಆಗುದಿಲ್ಲ."

ಟೀಚರಿಗೆ ಏಡನ್ ವಿಷಯ ಹೇಳಿದಾಗ ಅವರು ಶಾಲೆಯ ಭೂಪಟ ಬಿಡಿಸಿ ಸ್ಥಳ ತೋರಿಸಿದರು. ಒಂದು ಸಣ್ಣ ಚುಕ್ಕೆ. "ಅಲ್ಲಿ ಹೋದ್ರೆ ನಿನ್ನ ಓದು ನಿಲ್ಲುದಿಲ್ಲ ಮಾರಾಯ್ತಿ" ಎಂದರು. ಆ ಚುಕ್ಕೆಯ ಮೇಲೆ ನಾನು ಎಷ್ಟು ಸಲ ಬೆರಳಿಟ್ಟೆನೋ.

ಎರಡು ಮನೆಗಳ ಕಾಗದ ಬಂದದ್ದು ಜುಲೈಯಲ್ಲಿ. ಬಿಡದೆ ಮಳೆ. ಪೋಸ್ಟ್‌ಮ್ಯಾನ್ ಚೀಲದೊಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದಿದ್ದರೂ ಕಾಗದದ ಒಂದು ಮೂಲೆ ಒದ್ದೆಯಾಗಿತ್ತು. ಉಮ್ಮ ಅಡಿಗೆ ಒಲೆಯ ಹತ್ತಿರ ಅದನ್ನು ಸ್ವಲ್ಪ ಕಾಯಿಸಿ ನನ್ನ ಕೈಗೆ ಕೊಟ್ಟು ಎದುರು ಕೂತರು. ನಾನು ಮೊದಲು ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ, ತಿರುಗಿಸಿ ಹೇಳಲು ಅದು ಬೇಕಿತ್ತು. ಉಮ್ಮ ಯಾವತ್ತೂ ಕಾಯುತ್ತಿದ್ದರು.

ಬಾಪ ಬರೆದದ್ದು ಇಂದಿಗೂ ನನಗೆ ಬಾಯಿಪಾಠ. ಎರಡು ಮನೆ ನೋಡಿದ್ದೇನೆ. ಒಂದು ಹಳೇ ಪೇಟೆಯಲ್ಲಿ. ಎರಡು ಕೋಣೆ, ಮಾಳಿಗೆ. ಹೆಣ್ಣುಮಕ್ಕಳ ಶಾಲೆಗೆ ಮೂರು ನಿಮಿಷದ ನಡಿಗೆ, ಗಂಡುಮಕ್ಕಳ ಶಾಲೆ ಅದರ ಎದುರಿಗೇ. ಆದರೆ ಈ ಬೀದಿಯಲ್ಲಿ ಈಗ ಗಲಾಟೆ ಉಂಟು. ಬ್ರಿಟಿಷರು ಹೋಗಬೇಕು ಎನ್ನುವವರು ಸಿಪಾಯಿಗಳ ಜೀಪಿಗೆ ಬಾಂಬು ಎಸೆಯುತ್ತಾರೆ. ಕಳೆದ ತಿಂಗಳು ಈ ಬೀದಿಯ ತುದಿಯಲ್ಲೇ ಎರಡು ಸಲ ಆಯಿತು. ಒಬ್ಬ ತರಕಾರಿಯವನು ಸತ್ತ. ಇನ್ನೊಂದು ಮನೆ ಬಂದರಿನ ಬದಿಯಲ್ಲಿ. ಒಂದೇ ಕೋಣೆ. ಅಲ್ಲಿ ಇದುವರೆಗೆ ಏನೂ ಆಗಿಲ್ಲ. ಹಮೀದ್‌ಗೆ ಹತ್ತಿರ ಒಂದು ಸಣ್ಣ ಶಾಲೆ ಉಂಟು. ಹೆಣ್ಣುಮಕ್ಕಳಿಗೆ ಇಲ್ಲ, ಮರಿಯಮ ಮನೆಯಲ್ಲಿರಬೇಕಾದೀತು. ನನಗೆ ತೋರುವುದು ಎರಡನೆಯದು. ಓದಿಗಿಂತ ಜೀವ ದೊಡ್ಡದು. ಆದರೆ ಮಕ್ಕಳನ್ನು ಇಟ್ಟುಕೊಂಡು ದಿನವಿಡೀ ಅಲ್ಲಿ ಇರಬೇಕಾದವಳು ನೀನು. ಎಲ್ಲ ಬರೆದಿದ್ದೇನೆ. ನೀನು ಹೇಳಿದ್ದನ್ನು ಹಿಡಿಯುತ್ತೇನೆ. ಬರುವುದೇ ಬೇಡ ಎಂದರೂ ನನಗೆ ಬೇಸರವಿಲ್ಲ.

ನಾನು ಮೇಲೆ ನೋಡಿದೆ. ಉಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು.

"ಎಂತ ಬರ್ದಿದ್ದಾರೆ?"

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಅಷ್ಟರಲ್ಲೇ ನಾನು ನಿರ್ಧಾರ ಮಾಡಿದೆ. ಮೊದಲೇ ಯೋಚಿಸಿದ್ದಲ್ಲ. ಹೇಳತೊಡಗಿದೆ. ಎರಡು ಮನೆ ನೋಡಿದ್ದಾರೆ. ಒಂದು ಹಳೇ ಪೇಟೆಯಲ್ಲಿ, ಎರಡು ಕೋಣೆ, ಮಾಳಿಗೆ, ಎರಡು ಶಾಲೆಗಳೂ ಮೂರು ನಿಮಿಷದ ದಾರಿ. ಇನ್ನೊಂದು ಬಂದರಿನ ಹತ್ತಿರ, ಒಂದೇ ಕೋಣೆ, ದೊಡ್ಡ ಶಾಲೆ ಇಲ್ಲ. ನೀನು ಹೇಳಿದ್ದನ್ನು ಹಿಡಿಯುತ್ತೇನೆ ಅಂದಿದ್ದಾರೆ.

ಸುಳ್ಳು ಒಂದನ್ನೂ ಸೇರಿಸಲಿಲ್ಲ. ಕೆಲವು ಸಾಲುಗಳನ್ನು ಬಿಟ್ಟೆ, ಅಷ್ಟೇ. ತುಂಬ ವರ್ಷ ನಾನು ನನಗೆ ಹೀಗೇ ಹೇಳಿಕೊಂಡಿದ್ದೇನೆ.

ಉಮ್ಮ ಕಾಗದದ ಕಡೆ ನೋಡಿದರು. "ಇಷ್ಟು ಉದ್ದ ಬರ್ದಿದ್ದಾರೆ. ನೀನು ಹೇಳಿದ್ದು ಇಷ್ಟೇಯಾ?"

"ಉಳಿದದ್ದು ಸಲಾಂ. ಮಾಮನಿಗೆ, ಮಾಮಿಗೆ, ಎಲ್ಲರಿಗೂ."

"ಶಾಲೆ ಹತ್ತಿರ ಇದ್ದದ್ದೇ ಆಗ್ಲಿ" ಎಂದರು ಉಮ್ಮ. "ಹಮೀದ್ ಸಣ್ಣವ. ಗೊತ್ತಿಲ್ಲದ ಊರಿನಲ್ಲಿ ದೂರ ಕಳಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ಹಾಗೇ ಬರಿ. ಮತ್ತೆ ಅಲ್ಲಿ ಕಳ್ಳರು, ಗಲಾಟೆ ಗಿಲಾಟೆ ಎಂತ ಇಲ್ಲ ಅಲ್ವಾ ಅಂತ ಒಂದು ಕೇಳು."

ಮೊದಲನೆಯದನ್ನು ಬರೆದೆ. ಎರಡನೆಯದನ್ನು ಬರೆಯಲಿಲ್ಲ. ಬಾಪನಿಗೆ ತಲುಪಿದ್ದು ಹೀಗೆ: ಎಲ್ಲ ತಿಳಿಯಿತು, ಶಾಲೆ ಹತ್ತಿರದ ಮನೆಯೇ ಇರಲಿ. ಕೆಳಗೆ ಉಮ್ಮನ ಹೆಬ್ಬೆರಳಿನ ಗುರುತು, ಯಾವತ್ತಿನ ಹಾಗೆ.

ಆಗಸ್ಟಿನಲ್ಲಿ ಬಾಪನ ಉತ್ತರ ಬಂತು. 'ಅಷ್ಟೆಲ್ಲ ಬರೆದ ಮೇಲೂ ನೀನು ಧೈರ್ಯ ಮಾಡಿದ್ದೀ. ನಿನಗೇ ಹೆದರಿಕೆ ಇಲ್ಲದಿದ್ದರೆ ನನಗೂ ಇಲ್ಲ. ಮುಂಗಡ ಕೊಟ್ಟಿದ್ದೇನೆ.' ಉಮ್ಮನಿಗೆ ನಾನು ಹೇಳಿದ್ದು, ಮನೆ ಗೊತ್ತಾಯಿತಂತೆ, ಮುಂಗಡ ಕೊಟ್ಟಾಯಿತಂತೆ.

ಆ ವಾರವೇ ಇನ್ನೊಂದು ನಡೆಯಿತು. ಅಂಗಡಿಯ ಎದುರಿನ ಚಾ ಹೋಟೆಲಿನಲ್ಲಿ ಯಾರೋ ಪೇಪರು ಓದುತ್ತ ಏಡನ್‌ನಲ್ಲಿ ಬಾಂಬು ಬಿದ್ದ ಸುದ್ದಿ ಹೇಳಿದರಂತೆ. ಶಾಲೆಯಿಂದ ಬಂದವಳನ್ನು ಮಾಮ ಅಂಗಡಿಯ ಹಲಗೆಯ ಹತ್ತಿರ ನಿಲ್ಲಿಸಿದರು.

"ನಿನ್ನ ಬಾಪ ಅಲ್ಲಿಯ ಗಲಾಟೆ ವಿಷಯ ಎಂತಾದ್ರೂ ಬರ್ದಿದ್ದಾರಾ?"

ಬಿಟ್ಟ ಸಾಲುಗಳ ಮಾತು ಅಲ್ಲಿಗೆ ಮುಗಿಯಿತು. ಈಗ ಸುಳ್ಳು ಹೇಳಲೇಬೇಕಾಗಿತ್ತು.

"ಅದು ದೂರ ಮರಳುಗಾಡಿನಲ್ಲಂತೆ ಮಾಮ. ಪೇಟೆಯಲ್ಲಿ ಎಂತದೂ ಇಲ್ಲಂತೆ."

ಮಾಮ "ಆಯ್ತು, ಹೋಗು" ಎಂದರು. ಅವರು ಕೆಟ್ಟವರಲ್ಲ. ತಂಗಿಯ ಮಕ್ಕಳನ್ನು ಏಳು ವರ್ಷ ಸಾಕಿದವರು. ನಾನು ಹೇಳಿದ್ದನ್ನು ನಂಬಿದರು.

ಪುತ್ತೂರಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆವು. ಹಮೀದ್ ಕಣ್ಣು ಮುಚ್ಚಿದ್ದರಿಂದ ಎರಡು ಸಲ ತೆಗೆಯಬೇಕಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡು ಮೂವರಿಗೂ ಜ್ವರ ಬಂತು. ಹಮೀದ್ ಹಾಸಿಗೆಯಲ್ಲಿ ಮಲಗಿಕೊಂಡೇ ನನ್ನಿಂದ ಆ ಊರಿನ ಕತೆ ಕೇಳುತ್ತಿದ್ದ. ಅಲ್ಲಿ ಒಂಟೆ ಉಂಟಾ? ಉಂಟು. ಶಾಲೆಗೆ ಒಂಟೆಯ ಮೇಲೆ ಹೋಗುದಾ? ಬೇಡ, ಶಾಲೆ ಮೂರೇ ನಿಮಿಷ. ಅವನಿಗೆ ಬೇಸರವಾಗುತ್ತಿತ್ತು. ಸ್ವಲ್ಪ ದೂರ ಇರಬೇಕಿತ್ತು ಎನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ನಾನು ದೊಡ್ಡವಳಾದೆ. ಶಾಲೆ ಅಂದಿಗೆ ನಿಂತಿತು. ಅದು ಗೊತ್ತಿದ್ದದ್ದೇ, ಹೇಗೂ ಹೊರಡುತ್ತೇವಲ್ಲ ಎಂದು ನಾನು ಅಳಲಿಲ್ಲ. ಮೂರು ವಾರದ ಮೇಲೆ ಮಾಮ ಒಳಗೆ ಬಂದು ಬಾಗಿಲ ಹತ್ತಿರ ನಿಂತು ಉಮ್ಮನ ಹತ್ತಿರ ಮಾತಾಡಿದರು. ನಾನು ಇನ್ನೊಂದು ಕೋಣೆಯಲ್ಲಿದ್ದೆ.

"ಪ್ರಾಯಕ್ಕೆ ಬಂದ ಹುಡುಗಿಯನ್ನು ಹಡಗಿನಲ್ಲಿ, ಗುರ್ತಿಲ್ಲದ ಗಂಡಸರ ನಡುವೆ ಕರ್ಕೊಂಡು ಹೋಗ್ಲಿಕ್ಕೆ ನಾನು ಬಿಡುದಿಲ್ಲ. ಕಡಬದಿಂದ ಒಂದು ಸಂಬಂಧ ಬಂದಿದೆ. ಒಳ್ಳೆ ಜನ. ಅವಳು ನಮ್ಮ ಮನೆಯಲ್ಲಿ ಇರ್ಲಿ. ನೀನು, ಹಮೀದ್ ಹೋಗಿ."

"ಅವರು ಒಪ್ಪಬೇಕಲ್ಲ ಅಣ್ಣ. ಅವಳನ್ನು ಓದಿಸ್ಬೇಕೂಂತ ಬರ್ದಿದ್ದಾರೆ."

"ಮುಸ್ಲಿಯಾರರ ಕೈಯಿಂದ ಕಾಗದ ಬರೆಸಿ ಆಗಿದೆ. ಅವರು ಒಪ್ಪಿದ್ದಾರೆ. ಉತ್ತರ ಇವತ್ತು ಬಂತು."

ಮುಸ್ಲಿಯಾರರು ಮಸೀದಿಯಲ್ಲಿ ಮಕ್ಕಳಿಗೆ ಓದು ಕಲಿಸುವವರು. ಆ ಕಾಗದ ಹೋದದ್ದೂ ಬಂದದ್ದೂ ನನಗೆ ಗೊತ್ತಾಗಿರಲಿಲ್ಲ. ಮೊದಲ ಸಲ ನನ್ನ ಕೈಯ ಹೊರಗೆ ಒಂದು ಮಾತು ಆಚೆ ದಡಕ್ಕೆ ಹೋಗಿ ವಾಪಸು ಬಂದಿತ್ತು.

ಉಮ್ಮ ಆ ದಿನ ಊಟ ಮಾಡಲಿಲ್ಲ. ನನ್ನ ಪಕ್ಕ ಬಂದು ಕೂತು ತಲೆಗೆ ಎಣ್ಣೆ ಹಚ್ಚಿದರು, ಬಹಳ ಹೊತ್ತು.

ಇಲ್ಲಿಂದ ಮುಂದಿನದನ್ನು ಬರೆಯುವುದೇ ಕಷ್ಟ. ಅವರು ಹೊರಡಲು ಇನ್ನೂ ಐದು ವಾರ ಇತ್ತು. ಶಾಲೆ ಹತ್ತಿರದ ಮನೆಯಿಂದ ನನಗೆ ಇನ್ನು ಆಗಬೇಕಾದದ್ದು ಏನೂ ಇರಲಿಲ್ಲ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಉಮ್ಮ, ನಾನು ಕೆಲವು ಸಾಲು ಬಿಟ್ಟಿದ್ದೆ, ಬಂದರಿನ ಬದಿಯ ಮನೆ ಹಿಡಿಯಲಿಕ್ಕೆ ಹೇಳಿ. ಇಷ್ಟೇ. ಐದು ವಾರ ದಿನಾ ಬೆಳಿಗ್ಗೆ ಇದನ್ನು ಹೇಳಬೇಕೆಂದು ಏಳುತ್ತಿದ್ದೆ. ಮಾಮನ ಪೆಟ್ಟಿಗೆ ಹೆದರಿದ್ದು ನಿಜ. ಬಾಪ ಇನ್ನು ನನ್ನ ಮುಖ ನೋಡಲಾರರು ಎಂದು ಹೆದರಿದ್ದೂ ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ನನ್ನನ್ನು ಬಿಟ್ಟು ಹೋಗುವವರು, ಹೋಗಲಿ. ನಾನು ಆರಿಸಿದ ಮನೆಯಲ್ಲಿ ಅವರು ಹೇಗಿರುತ್ತಾರೋ ಇರಲಿ. ಅವರ ಮೇಲೆ ನನಗೆ ಅಷ್ಟು ಸಿಟ್ಟಿತ್ತು. ಹದಿಮೂರು ವರ್ಷದ ಹುಡುಗಿಗೆ ಇಷ್ಟು ಕಹಿ ಇರಬಹುದೇ ಎಂದು ಕೇಳಿದರೆ, ಇತ್ತು.

ಬಾಂಬು ಎಸೆಯುತ್ತಾರೆ ಎಂದರೆ ಏನೆಂದು ನನಗೆ ನಿಜವಾಗಿ ತಿಳಿದಿರಲಿಲ್ಲ ಎಂದೂ ಹೇಳಬಹುದು. ತರಕಾರಿಯವನು ಸತ್ತ ಎಂಬ ಸಾಲು ಮಾತ್ರ ಚೆನ್ನಾಗಿ ತಿಳಿದಿತ್ತು.

ಮಳೆ ಬಿಟ್ಟು ಬಿಸಿಲು ಕಾದ ಮೇಲೆ, ಒಂದು ಬೆಳಿಗ್ಗೆ ಅವರು ಹೊರಟರು. ಮಂಗಳೂರಿಗೆ ಬಸ್ಸು, ಅಲ್ಲಿಂದ ಬೊಂಬಾಯಿ, ಆಮೇಲೆ ಹಡಗು. ಬೊಂಬಾಯಿಯವರೆಗೆ ಮಾಮ ಜತೆಗೆ ಹೋಗುವವರು. ಹಮೀದ್ ಹೊಸ ಚಡ್ಡಿ, ಹೊಸ ಟೊಪ್ಪಿ ಹಾಕಿದ್ದ. ಬಸ್ಸಿನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿದ.

"ಇತ್ತಾ, ನಿನಗೆ ಒಂಟೆಯ ಫೋಟೋ ಕಳಿಸ್ತೇನೆ!"

ಇತ್ತಾ ಎಂದರೆ ನಮ್ಮಲ್ಲಿ ಅಕ್ಕ. ಉಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಮನೆಯ ಬಾಗಿಲಿನ ಒಳಗೇ ನಿಂತಿದ್ದೆ. ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಬಸ್ಸು ಚಾ ಹೋಟೆಲು ದಾಟಿ ತಿರುವಿನಲ್ಲಿ ಮರೆಯಾಯಿತು. ಆಗಲೂ ಓಡಬಹುದಿತ್ತು.

ಆಮೇಲಿನ ಐದು ತಿಂಗಳು ನಾನು ಮಾಮನ ಮನೆಯಲ್ಲಿದ್ದೆ. ಅಲ್ಲಿಂದ ಕಾಗದಗಳು ಬರುತ್ತಿದ್ದವು. ಉಮ್ಮ ಹೇಳಿ ಬಾಪ ಬರೆದದ್ದು. ಮನೆ ಚೆನ್ನಾಗಿದೆ. ನಳ್ಳಿಯ ನೀರು ಸ್ವಲ್ಪ ಉಪ್ಪು. ಹಮೀದ್‌ಗೆ ಗುಜರಾತಿ ಹುಡುಗರ ಸ್ನೇಹವಾಗಿದೆ. ಗಲಾಟೆಯ ಒಂದಕ್ಷರವೂ ಇರುತ್ತಿರಲಿಲ್ಲ. ನಾನು ಒಂದೊಂದು ಕಾಗದವನ್ನೂ ಒಡೆದು, ಗಲಾಟೆಯ ಮಾತು ಹುಡುಕುತ್ತ ಕೊನೆಯ ತನಕ ಓದುತ್ತಿದ್ದೆ. ಬಾಪ ಸುಮ್ಮನೆ ಹೆದರಿದ್ದಿರಬೇಕು ಎಂದು ನಂಬತೊಡಗಿದ್ದೆ. ಕಡಬದವರು ಬಂದು ನನ್ನನ್ನು ನೋಡಿಕೊಂಡು ಹೋದರು. ಬಾಪ ರಜೆಯಲ್ಲಿ ಬಂದಾಗ ನಿಕಾಹ್ ಎಂದಾಯಿತು.

ತಂತಿ ಬಂದದ್ದು ಮಾರ್ಚಿನಲ್ಲಿ. ಬೆಳಗಿನ ಹತ್ತು ಗಂಟೆ. ತಂತಿ ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರಲಿಲ್ಲ. ಮಾಮ ಅದನ್ನು ಹಿಡಿದುಕೊಂಡು ಶಾಲೆಗೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಲೀಲಾವತಿ ಟೀಚರ್ ತಾವೇ ಮಾಮನ ಜತೆ ಬಂದರು. ಟೀಚರ್ ನಮ್ಮವರ ಬಾಗಿಲಿಗೆ ಬಂದದ್ದು ಅದು ಎರಡನೇ ಸಲ. ಜಗಲಿಗೆ ಹತ್ತದೆ ಅಂಗಳದಲ್ಲೇ ನಿಂತು, "ಮರಿಯಮ, ಇಲ್ಲಿ ಬಾ ಮಗಾ" ಎಂದರು. ಅವರು ಯಾವತ್ತೂ ನನ್ನನ್ನು ಮಗಾ ಎಂದು ಕರೆದವರಲ್ಲ.

"ಹಮೀದ್ ಹೋದನಂತೆ."

"ಎಲ್ಲಿಗೆ?" ಎಂದು ಮಾಮಿ ಕೇಳಿದರು.

ನನಗೆ ಕೇಳಬೇಕಾಗಿರಲಿಲ್ಲ.

ವಿವರ ತಿಳಿದದ್ದು ಆಮೇಲೆ ಬಂದ ಕಾಗದದಲ್ಲಿ. ಅದನ್ನು ಮಾಮ ಮುಸ್ಲಿಯಾರರಿಂದ ಓದಿಸಿದರು. ನನ್ನ ಕೈಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟು ಮನೆಗೆ ಬರುವಾಗ ಬೀದಿಯ ತುದಿಯಲ್ಲಿ ಸಿಪಾಯಿಗಳ ಜೀಪು ನಿಂತಿತ್ತು. ಯಾವುದೋ ಮಾಳಿಗೆಯಿಂದ ಬಾಂಬು ಎಸೆದರು. ಅದು ಜೀಪಿಗೆ ತಾಗದೆ ಉರುಳಿ ಬಂತು. ಮಕ್ಕಳು ಏನೋ ಆಟದ ಸಾಮಾನು ಎಂದು ನೋಡುತ್ತ ನಿಂತರಂತೆ. ಹಮೀದ್ ಎರಡು ದಿನ ಆಸ್ಪತ್ರೆಯಲ್ಲಿದ್ದ. ಎರಡನೇ ದಿನ ಅವನಿಗೆ ಎಚ್ಚರವಿತ್ತು, ನೀರು ಕೇಳಿದ. ಮರಳಿನ ಊರಿನಲ್ಲೇ ಅವನನ್ನು ಮಣ್ಣು ಮಾಡಿದರು.

ನಾನು ಅಳಲಿಲ್ಲ ಎಂದು ಮಾಮಿ ಎಲ್ಲರ ಹತ್ತಿರ ಹೇಳಿದರು. ನನಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಅಡಿಗೆ, ಪಾತ್ರೆ, ಬಟ್ಟೆ, ಏನು ಹೇಳಿದರೂ ಮಾಡುತ್ತಿದ್ದೆ. ಲೀಲಾವತಿ ಟೀಚರ್ ಒಂದು ಸಂಜೆ ನಾಲ್ಕು ಪುಸ್ತಕ ತಂದುಕೊಟ್ಟರು, ಮನೆಯಲ್ಲೇ ಓದಿ ಪರೀಕ್ಷೆಗೆ ಕೂರಬಹುದು, ಮಾಮನನ್ನು ತಾನು ಒಪ್ಪಿಸುತ್ತೇನೆ ಎಂದರು. ಪುಸ್ತಕಗಳನ್ನು ಅವರ ಎದುರೇ ಮುಚ್ಚಿ ವಾಪಸು ಕೊಟ್ಟೆ. ಅವರಿಗೆ ಬಹಳ ನೋವಾಯಿತು. ಕಾರಣ ಹೇಳಲು ನನಗೆ ಬಾಯಿರಲಿಲ್ಲ.

ಜೂನಿನ ಮೊದಲ ಮಳೆಗೆ ಮೊದಲು ಉಮ್ಮ ಒಬ್ಬರೇ ವಾಪಸು ಬಂದರು. ಬಾಪನ ಕೆಲಸ ಇನ್ನೂ ಅಲ್ಲೇ ಇತ್ತು. ಮಾಮ ಬೊಂಬಾಯಿಗೆ ಹೋಗಿ ಕರೆದುಕೊಂಡು ಬಂದರು. ಬಸ್ಸಿನಿಂದ ಇಳಿದ ಹೆಂಗಸು ಉಮ್ಮ ಎಂದು ನನಗೆ ಕೂಡಲೇ ತಿಳಿಯಲಿಲ್ಲ. ತೆಳ್ಳಗಾಗಿದ್ದರು, ಕಪ್ಪಾಗಿದ್ದರು. ಕೂದಲು ನಡುವಿನಲ್ಲಿ ಬೆಳ್ಳಗಾಗಿತ್ತು. ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ನೆರೆಯವರೆಲ್ಲ ಬಂದು ಅತ್ತರು. ಉಮ್ಮ ಎಲ್ಲರ ಕೈ ಹಿಡಿದರು, ನೀರು ಕುಡಿದರು, ನಮ್ಮ ಹಳೆಯ ಎರಡು ಕೋಣೆಗಳ ಕದ ತೆಗೆಸಿ ಗುಡಿಸಿದರು.

ಮಾರನೇ ದಿನ ಹಗಲು, ಊಟದ ನಂತರ, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಮಾಮ ಅಂಗಡಿಯ ಬಾಗಿಲು ಹಾಕಿ ಮಸೀದಿಗೆ ಹೋಗಿದ್ದರು. ಉಮ್ಮ ಅಕ್ಕಿ ಆರಿಸುತ್ತಿದ್ದರು. ನಾನು ಎದುರು ಕೂತೆ. ಐದು ವಾರ ಬಾಯಿಗೆ ಬಂದು ಹೊರಗೆ ಬಾರದೆ ಉಳಿದದ್ದು ಈಗ ಹೊರಗೆ ಬಂತು.

"ಉಮ್ಮ, ಆ ಕಾಗದದಲ್ಲಿ ಬೇರೆಯೂ ಬರ್ದಿತ್ತು."

ಉಮ್ಮ ತಲೆ ಎತ್ತಲಿಲ್ಲ. ಅಕ್ಕಿಯಲ್ಲಿ ಬೆರಳು ಆಡುತ್ತಲೇ ಇತ್ತು.

"ನನಗೆ ಗೊತ್ತುಂಟು" ಎಂದರು.

ಅಕ್ಕಿಯ ಗೆರಸೆಯನ್ನು ಒಮ್ಮೆ ಕುಲುಕಿದರು.

"ಹೋದ ದಿನವೇ ಗೊತ್ತಾಯಿತು. ಹಡಗಿನಿಂದ ಇಳಿದು ಆ ಬೀದಿಗೆ ಹೋದೆವು. ತುದಿಯಲ್ಲಿ ಮರಳಿನ ಮೂಟೆ, ಕೋವಿ ಹಿಡಿದ ಸಿಪಾಯಿಗಳು. ಗೋಡೆಯಲ್ಲಿ ತೂತು. ನಿನ್ನ ಬಾಪ ಹೇಳಿದ್ರು, ನಾನು ಅಷ್ಟೆಲ್ಲ ಬರ್ದ ಮೇಲೂ ನೀನು ಇದೇ ಮನೆ ಬೇಕೂಂತ ಹೇಳಿದ್ದು ನನಗೆ ಆಶ್ಚರ್ಯ ಅಂತ."

"ನೀವು ಎಂತ ಹೇಳಿದ್ರಿ?"

"ಶಾಲೆ ಹತ್ತಿರ ಅಲ್ವಾ, ಹಾಗೆ ಹೇಳಿದೆ ಅಂದೆ." ಉಮ್ಮ ಒಂದು ಕಲ್ಲು ತೆಗೆದು ಬದಿಗೆ ಹಾಕಿದರು. "ಬಂದರಿನ ಬದಿಯ ಮನೆ ಉಂಟಾ ಅಂತ ಕೇಳಿಸಿದೆ. ಬೇರೆಯವರು ಬಂದಾಗಿತ್ತು. ಖಾಲಿ ಆದ ಕೂಡ್ಲೆ ಹೋಗುವಾ ಅಂತ ಇದ್ದೆವು. ದಿನಾ ನಾನೇ ಹಮೀದ್‌ನ ಕೈ ಹಿಡ್ಕೊಂಡು ಶಾಲೆಗೆ ಬಿಡ್ತಿದ್ದೆ, ನಾನೇ ಕರ್ಕೊಂಡು ಬರ್ತಿದ್ದೆ. ಆ ದಿನ ನನಗೆ ಜ್ವರ ಇತ್ತು."

ನಾನು ಅವರ ಕಾಲು ಹಿಡಿದೆ. ಆಗ ಅಳು ಬಂತು, ಮೂರು ತಿಂಗಳಿನದ್ದೆಲ್ಲ ಒಟ್ಟಿಗೆ. ಬಾಪನಿಗೆ ನಾನೇ ಬರೆಯುತ್ತೇನೆ, ಎಲ್ಲ ಬರೆಯುತ್ತೇನೆ, ಮಾಮನಿಗೂ ಹೇಳುತ್ತೇನೆ ಎಂದೆ. ಉಮ್ಮ ಮೊದಲ ಸಲ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಪ್ರೀತಿ ಇತ್ತು ಎಂದು ಬರೆಯಲು ನನಗೆ ಆಸೆ. ಏನಿತ್ತೋ ನನಗೆ ಈಗಲೂ ತಿಳಿಯದು.

"ಬರೀಬಾರದು" ಎಂದರು. "ಯಾರ ಹತ್ತಿರವೂ ಹೇಳ್ಬಾರದು. ಅವರ ಒಂದು ಮಗು ಹೋಯಿತು. ನೀನು ಹೇಳಿದ್ರೆ ಇನ್ನೊಂದೂ ಹೋಗ್ತದೆ. ಒಂದಾದ್ರೂ ಇರ್ಲಿ ಅವರಿಗೆ."

ನನ್ನ ಕೈ ಬಿಡಿಸಿ, ಅಕ್ಕಿಯ ಗೆರಸೆ ಎತ್ತಿಕೊಂಡು ಅವರು ಒಳಗೆ ಹೋದರು. ಆ ವಿಷಯ ನಾವಿಬ್ಬರೂ ಮತ್ತೆ ಆಡಲಿಲ್ಲ.

ಮರುವರ್ಷ ಬಾಪ ಕೆಲಸ ಬಿಟ್ಟು ಊರಿಗೆ ಬಂದರು. ನನ್ನ ನಿಕಾಹ್ ಆಯಿತು, ಕಡಬಕ್ಕೆ ಹೋದೆ. ಗಂಡ ಒಳ್ಳೆಯವರೇ ಸಿಕ್ಕಿದರು. ಆಮೇಲೆ ಎಷ್ಟೋ ಮನೆಗಳ ಗಂಡಸರು ಕೊಲ್ಲಿಗೆ ಹೋದರು, ಓದು ಬಾರದ ಹೆಂಡತಿಯರು ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದರು. ಕಣ್ಣು ಮಂಜು ಎಂದು ಹೇಳಿ ಎಲ್ಲರನ್ನೂ ಕಳಿಸಿದೆ. ಇಪ್ಪತ್ತು ವರ್ಷ ತುಂಬದ ನನ್ನ ಕಣ್ಣು ಮಂಜು ಎಂದರೆ ಅವರು ನಂಬುತ್ತಿರಲಿಲ್ಲ. ಸೊಕ್ಕು ಎಂದುಕೊಂಡರು.

ಬಾಪ ಆಮೇಲೆ ಹತ್ತು ವರ್ಷ ಬದುಕಿದ್ದರು. ಉಮ್ಮನ ಜತೆ ಅವರು ಬೇಕಾದಷ್ಟೇ ಮಾತಾಡುತ್ತಿದ್ದರು. ಊಟಕ್ಕಾಯಿತಾ, ಕೊಡೆ ಎಲ್ಲಿ, ಅಷ್ಟು. ನನ್ನ ಮೇಲೆ ಮಾತ್ರ ಅವರಿಗೆ ಜೀವ. ನಾನು ತವರಿಗೆ ಬಂದರೆ ಪುತ್ತೂರಿನಿಂದ ಮೀನು ತರಿಸುತ್ತಿದ್ದರು, ನನ್ನ ಮಕ್ಕಳನ್ನು ತೊಡೆಯಿಂದ ಇಳಿಸುತ್ತಿರಲಿಲ್ಲ.

ಒಂದು ಸಲ ನಾವೆಲ್ಲ ಊಟಕ್ಕೆ ಕೂತಿದ್ದೆವು. ನನ್ನ ದೊಡ್ಡ ಮಗನಿಗೆ ಆಗ ಏಳು ವರ್ಷ, ಹಮೀದ್‌ನದೇ ಮುಖ. ಬಾಪ ಅವನನ್ನೇ ನೋಡುತ್ತ ಅನ್ನ ಕಲಸುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಉಮ್ಮನ ಎದುರೇ ಹೇಳಿದರು.

"ನಾನು ಎಲ್ಲ ಬರ್ದಿದ್ದೆ ಮಗಳೇ. ಆ ಬೀದಿ ಬೇಡ ಅಂತಲೇ ಬರ್ದಿದ್ದೆ. ನಿನ್ನ ಉಮ್ಮ ಕೇಳಲಿಲ್ಲ. ಆ ಕಾಗದ ಓದಿದ್ದು ನೀನೇ ಅಲ್ವಾ, ನಿನಗೆ ನೆನಪಿರಬೇಕು."

ನಾನು ಬಾಯಿ ತೆರೆದೆ. ಉಮ್ಮ ಸಾರಿನ ಸೌಟು ಹಿಡಿದು ನನ್ನ ತಟ್ಟೆಯ ಮೇಲೆ ಬಾಗಿದ್ದರು. ಅವರು ನನ್ನ ಕಡೆ ನೋಡಲಿಲ್ಲ.

"ಹೌದು" ಎಂದರು ಉಮ್ಮ. "ಅವಳು ಓದಿ ಹೇಳಿದ್ಲು. ನಾನೇ ಕೇಳಲಿಲ್ಲ."